ಮುಕುಂದರಾಯರ ನಾಇಲಾಜು

ಮುಕುಂದರಾವ್ ಕಮಲಾಪುರಕರ ಅವರು ತಮ್ಮ ಇಡೀ ಆಯುಷ್ಯದಲ್ಲಿ ಒಂದು ಕೆಲಸವನ್ನೂ ತಾವಾಗಿ ಮಾಡಿದವರಲ್ಲ. ಮಾಸ್ತರಿಕೆ ಹಿಡಿದದ್ದು ತಂದೆಯ ಒತ್ತಾಯಕ್ಕೆ, ಸಾವಿತ್ರೀಬಾಯಿಯವರನ್ನು ಮದುವೆಯಾದದ್ದು ತಾಯಿಯ ಕಣ್ಣೀರಿಗೆ, ಹುಡುಗರ ಬೆನ್ನ ಮೇಲೆ ಬೆತ್ತ ಮುರಿದದ್ದು ಹೆಡ್‌ಮಾಸ್ತರರ ಹುಕುಮಿಗೆ. ಯಾವುದನ್ನು ಕೇಳಿದರೂ ಎರಡು ಕೈ ಮೇಲೆತ್ತಿ, "ಏನ್ ಮಾಡೋದ್ರೀ, ನಾಇಲಾಜ!" ಎನ್ನುತ್ತಿದ್ದರು. ಬೇರೆ ದಾರಿಯೇ ಇಲ್ಲದಾಗ ನಮ್ಮ ಕಡೆ ಮರಾಠಿಯವರೂ ಉರ್ದುವಿನವರೂ ಕನ್ನಡದವರೂ ಆಡುವ ಮಾತು ಅದು. ಹೊಲ ಮಾರುವಾಗ ಆಡುತ್ತಾರೆ, ಹೆಣ ಎತ್ತುವಾಗ ಆಡುತ್ತಾರೆ. ಮುಕುಂದರಾಯರು ಚಹಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಳ್ಳುವಾಗಲೂ ಆಡುತ್ತಿದ್ದರು.

ನಾನು ವಕೀಲ. ಕಲಬುರ್ಗಿಯ ಜೇವರ್ಗಿ ಕಾಲೋನಿಯಲ್ಲಿ ಅವರ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಜಾತಿ ಒಂದೇ, ಮಠವೂ ಒಂದೇ, ಆಚಾರ ಮಾತ್ರ ಬೇರೆ. ಏಕಾದಶಿಯ ದಿನ ನಮ್ಮ ಅಡುಗೆಮನೆಯಿಂದ ಉಳ್ಳಾಗಡ್ಡಿ ಒಗ್ಗರಣೆಯ ವಾಸನೆ ಹೋದರೆ ಅವರ ಕಿಟಕಿ ದಡಾರನೆ ಮುಚ್ಚಿಕೊಳ್ಳುತ್ತಿತ್ತು. ಏಕಾದಶಿಯ ಮಟ್ಟಿಗೆ ಅವರು ಬಲು ಗಟ್ಟಿ. ಅಂದು ಅನ್ನ ಇಲ್ಲ, ರೊಟ್ಟಿ ಇಲ್ಲ, ಸಾಬೂದಾಣಿಯೂ ಇಲ್ಲ. ಬಾಳೆಹಣ್ಣು, ಹಾಲು, ಅಷ್ಟೇ. ಅದೂ ಕಮಲಾಪುರದ ಕೆಂಪು ಬಾಳೆಹಣ್ಣೇ ಆಗಬೇಕು, ಬೇರೆಯದು ಅವರಿಗೆ ವಾಯು. ಅವರ ಬಗ್ಗೆ ನನಗೆ ಗೌರವ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆ ಇಲ್ಲ ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಂಬತ್ತರ ದಶಕದಲ್ಲಿ ಅವರ ನೌಕರಿ ಕಮಲಾಪುರದಲ್ಲಿತ್ತು. ವಾರವೆಲ್ಲ ಅಲ್ಲೇ ಒಂದು ಬಾಡಿಗೆ ಕೋಣೆಯಲ್ಲಿ ಇರುತ್ತಿದ್ದರು, ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಕಲಬುರ್ಗಿಗೆ ಬರುತ್ತಿದ್ದರು. ಆ ಕೋಣೆ ಇದ್ದದ್ದು ಬಾಳೆ ತೋಟದ ಕೂಲಿಯವರ ಓಣಿಯ ಕೊನೆಯಲ್ಲಿ. ಅದರಲ್ಲಿ ಒಂದು ಚಾಪೆ, ಒಂದು ಸ್ಟೋ, ಅಜ್ಜನ ಕಾಲದ ದೇವರ ಪೆಟ್ಟಿಗೆ ಇದ್ದವು. ಪೆಟ್ಟಿಗೆಯಲ್ಲಿ ಸಾಲಿಗ್ರಾಮ ಇತ್ತು.

ಒಂದು ಬೇಸಿಗೆಯ ಮಧ್ಯಾಹ್ನ ಓಣಿಯ ಹಿಂದಿನ ಕಣದಲ್ಲಿದ್ದ ಬಣವೆಗಳಿಗೆ ಬೆಂಕಿ ಬಿತ್ತು. ಗಾಳಿ ಓಣಿಯ ಕಡೆಗೇ ಬೀಸುತ್ತಿತ್ತು. ಬಣವೆಗಳಿಗೂ ಓಣಿಗೂ ನಡುವೆ ಊರಿನ ಸಾಹುಕಾರ ದೇವೀಂದ್ರಪ್ಪನ ದನದ ಕೊಟ್ಟಿಗೆ. ಮಾಡಿಗೆ ಜೋಳದ ಒಣ ದಂಟು, ಅಂದರೆ ಕಣಿಕೆ, ಹೊದಿಸಿದ್ದರು. ಕೊಟ್ಟಿಗೆ ಹತ್ತಿಕೊಂಡರೆ ಓಣಿಯ ಗುಡಿಸಲು ಒಂದೂ ಉಳಿಯುವಂತಿರಲಿಲ್ಲ. ಗಂಡಸರೆಲ್ಲ ತೋಟದಲ್ಲಿದ್ದರು. ಮನೆಯಲ್ಲಿದ್ದವರು ಮುದುಕರು, ಮಕ್ಕಳು, ಜ್ವರ ಬಂದು ಕೂಲಿಗೆ ಹೋಗದ ಬಂಡಮ್ಮ ಎಂಬ ವಿಧವೆ. ಆಕೆ ಕೊಡಲಿ ಹಿಡಿದು ಒಳಗೆ ನುಗ್ಗಿ ದನಗಳ ಹಗ್ಗ ಕಡಿದು ಹೊರಗೆ ಅಟ್ಟಿದಳು. ಆಮೇಲೆ ಮಾಡು ಹತ್ತಿ ಕಣಿಕೆ ಕಿತ್ತು ಎಸೆದಳು, ಕಂಬಕ್ಕೆ ಕೊಡಲಿ ಹಾಕಿ ಕೊಟ್ಟಿಗೆಯನ್ನೇ ಕೆಡವಿದಳು. ಬೆಂಕಿ ಬಯಲಿಗೆ ಬಂದು ನಿಂತಿತು. ಓಣಿ ಉಳಿಯಿತು. ಆದರೆ ಬೆದರಿದ ಒಂದು ಎತ್ತು ತಿರುಗಿ ಒಳಗೇ ಓಡಿತ್ತು. ತೊಲೆ ಅದರ ಮೇಲೆ ಬಿದ್ದು ಎತ್ತು ಸತ್ತಿತು.

ಇದೆಲ್ಲ ನಡೆಯುವಾಗ ಮುಕುಂದರಾಯರು ಎಲ್ಲಿದ್ದರು? ಓಣಿಯ ಎದುರಿನ ಶಾಲೆಯ ಕಟ್ಟೆಯ ಮೇಲೆ. ಬಂಡಮ್ಮ ಹೇಳುವಂತೆ, ಓಣಿಯ ಮುದುಕರೆಲ್ಲ ಹೇಳುವಂತೆ, ಕಟ್ಟೆಯ ಮೇಲೆ ನಿಂತು ಗಂಟಲು ಹರಿಯುವಂತೆ ಒದರುತ್ತಿದ್ದರು.

"ಕೊಟ್ಟಿಗಿ ಕೆಡವು ಬಂಡಮ್ಮಾ! ಲಗೂನ ಕೆಡವು! ನನ್ನ ದೇವರ ಪೆಟ್ಟಿಗಿ ಅದ ಅಲ್ಲಿ!"

ಪೆಟ್ಟಿಗೆಯೂ ಉಳಿಯಿತು.

ದೇವೀಂದ್ರಪ್ಪನಿಗೆ ಬಂಡಮ್ಮನ ಮೇಲೆ ಹಳೆಯ ಸಿಟ್ಟಿತ್ತು. ಹಿಂದಿನ ಸುಗ್ಗಿಯಲ್ಲಿ ಕೂಲಿ ಹೆಚ್ಚಿಸುವವರೆಗೆ ಅವನ ಬಾಳೆ ತೋಟಕ್ಕೆ ಕಾಲಿಡುವುದಿಲ್ಲ ಎಂದು ಹೆಂಗಸರನ್ನು ಕೂಡಿಸಿ ಕೂರಿಸಿದವಳು ಆಕೆಯೇ. ಅವನು ಪೊಲೀಸರಿಗೆ ಫಿರ್ಯಾದಿ ಕೊಟ್ಟ. ಬೆಂಕಿ ಬೀಳುವುದಕ್ಕೆ ಮೊದಲೇ ಹಗೆಯಿಂದ ಕೊಟ್ಟಿಗೆ ಕೆಡವಿ ಎತ್ತು ಕೊಂದಳು, ಬೆಂಕಿ ಬಿದ್ದದ್ದು ಆಮೇಲೆ ಎಂದು ಬರೆಸಿದ. ಎತ್ತು ಕೊಂದ ಅಪರಾಧಕ್ಕೆ ಆಗಿನ ಕಾಯ್ದೆಯಲ್ಲಿ ಐದು ವರ್ಷದವರೆಗೆ ಸಜಾ ಇತ್ತು.

ಬಡವರಿಗೆ ಸರಕಾರ ಕೊಡುವ ಉಚಿತ ವಕೀಲನಾಗಿ ಆ ಕೇಸು ನನ್ನ ಪಾಲಿಗೆ ಬಂತು. ನಾನು ಖುಷಿಯಿಂದಲೇ ಹಿಡಿದೆ. ದೊಡ್ಡ ಅನಾಹುತ ತಪ್ಪಿಸಲಿಕ್ಕೆ, ಮನಸ್ಸಿನಲ್ಲಿ ಕೇಡಿಲ್ಲದೆ, ಸಣ್ಣ ನಷ್ಟ ಮಾಡಿದರೆ ಅದು ಅಪರಾಧವಲ್ಲ ಎಂದು ದಂಡಸಂಹಿತೆಯ ಎಂಬತ್ತೊಂದನೆಯ ಕಲಮು ಹೇಳುತ್ತಿತ್ತು. ಊರಿಗೆ ಬೆಂಕಿ ಬಿದ್ದಾಗ ಅದು ಹಬ್ಬದಿರಲೆಂದು ಮನೆ ಕೆಡವುವವನ ಉದಾಹರಣೆಯನ್ನು ಆ ಕಲಮಿನ ಕೆಳಗೇ ಕೊಟ್ಟಿದ್ದರು. ಬಂಡಮ್ಮನನ್ನು ನೋಡಿಯೇ ಬರೆದಂತಿತ್ತು. ಸಾಬೀತಾಗಬೇಕಾದದ್ದು ಇಷ್ಟೇ: ಆಕೆ ಕೊಡಲಿ ಎತ್ತಿದಾಗ ಬೆಂಕಿ ಇತ್ತು. ನೋಡಿದವರು ಓಣಿಯ ಮುದುಕರು, ಮತ್ತೆ ಒಬ್ಬ ಮಾಸ್ತರ.

ಮುದುಕರು ಬಂದು ಇದ್ದದ್ದು ಇದ್ದಂತೆ ಹೇಳಿದರು. ಆದರೆ ಅವರೆಲ್ಲ ಆರೋಪಿಯ ಓಣಿಯವರು, ಅವರ ಮಾತಿಗೆ ಎಷ್ಟು ತೂಕ? ಮಾಸ್ತರರು ಸರಕಾರದ ಕಡೆಯ ಸಾಕ್ಷಿಯಾಗಿ ಬಂದರು. ಹಣೆಯ ಮೇಲೆ ಅಂಗಾರ, ಅಕ್ಷತೆ, ತೋಳಿನ ಮೇಲೆ ಗೋಪೀಚಂದನದ ಮುದ್ರೆ. ಅಂಥವರು ಸುಳ್ಳು ಹೇಳುತ್ತಾರೆಂದು ಯಾರು ನಂಬುತ್ತಾರೆ? ಮಾಡೋದು ಅನಾಚಾರ, ಮನೆ ಮುಂದೆ ಬೃಂದಾವನ ಎಂಬ ಗಾದೆ ಕೋರ್ಟಿನಲ್ಲಿ ಪುರಾವೆಯಾಗುವುದಿಲ್ಲ.

"ಕೊಟ್ಟಿಗಿ ಕೆಡವಾಗ ಬೆಂಕಿ ಇದ್ದಿಲ್ಲ" ಎಂದರು ಮುಕುಂದರಾಯರು.

ಕೆಡವು ಎಂದು ಕೂಗಿದವರು ನೀವೇ ಅಲ್ಲವೆ ಎಂದು ನಾನು ಕೇಳಿದೆ. ನನ್ನ ತಲೆಯ ಮೇಲಿನ ಫ್ಯಾನು ನೋಡುತ್ತಾ ಇಲ್ಲ ಎಂದರು. ಆರೋಪಿಯ ಕಟಕಟೆಯಲ್ಲಿ ನಿಂತಿದ್ದ ಬಂಡಮ್ಮನಿಗೆ ತಡೆಯಲಾಗಲಿಲ್ಲ.

"ಸರ, ನನ್ನ ಮಾರಿ ನೋಡಿ ಹೇಳ್ರೀ ಒಂದ್ಸಲ!"

ಅವರು ನೋಡಲಿಲ್ಲ. ಬಂಡಮ್ಮನಿಗೆ ಒಂದು ವರ್ಷ ಸಜಾ ಆಯಿತು.

ಮೇಲಿನ ಕೋರ್ಟಿಗೆ ಅಪೀಲು ಹಾಕಿದೆ. ಜಾಮೀನೂ ಸಿಕ್ಕಿತು, ಜಾಮೀನಿಗೆ ನಿಲ್ಲುವವರು ಸಿಗಲಿಲ್ಲ. ದೇವೀಂದ್ರಪ್ಪನ ಊರಿನಲ್ಲಿ ಅವನ ವೈರಿಗೆ ಜಾಮೀನು ನಿಲ್ಲುವವರು ಯಾರು? ಮಳೆಗಾಲ ಕಳೆದು ಚಳಿ ಬೀಳುವವರೆಗೂ ಆಕೆ ಜೈಲಿನಲ್ಲೇ ಇದ್ದಳು. ಆಕೆಗೆ ಚಂದಮ್ಮ ಎಂಬ ಒಬ್ಬಳೇ ಮಗಳು, ಏಳನೆಯ ಇಯತ್ತೆಯಲ್ಲಿ ಮುಕುಂದರಾಯರ ಕೈಯಲ್ಲೇ ಓದುತ್ತಿದ್ದಳು. ಓಣಿಯವರು ಒಂದೊಂದು ಹೊತ್ತು ಉಣ್ಣಲು ಹಾಕಿದರು. ಯಾರ ಮನೆಯಲ್ಲೂ ಹೆಚ್ಚಿಗೆ ಇರಲಿಲ್ಲವಾದ್ದರಿಂದ ಹುಡುಗಿ ತೋಟದ ಕೂಲಿಗೆ ಹೋಗತೊಡಗಿದಳು. ಮಾಸ್ತರರು ಬಹಳ ದಿನದ ಗೈರುಹಾಜರಿ ಎಂದು ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರು ಹೊಡೆದುಹಾಕಿದರು. ಯಾಕೆ ಹೊಡೆದಿರಿ ಎಂದು ನಾನು ಗೋಡೆಯ ಈಚೆಯಿಂದಲೇ ಕೇಳಿದೆ.

"ನಿಯಮ ಅದ ಅಲ್ಲೇನು ರಾಘಣ್ಣ? ನಾಇಲಾಜ" ಎಂದರು.

ಅಪೀಲು ವರ್ಷಗಟ್ಟಲೆ ಮುಂದೆ ಮುಂದೆ ಹೋಯಿತು. ಆ ಚಳಿಗಾಲದಲ್ಲೇ ಬೇರೆ ಊರಿನ ನೆಂಟನೊಬ್ಬ ಜಾಮೀನು ನಿಂತು ಬಂಡಮ್ಮ ಹೊರಗೆ ಬಂದಿದ್ದಳು, ಅಪೀಲು ವಜಾ ಆದರೆ ಉಳಿದ ಸಜಾಕ್ಕೆ ಮತ್ತೆ ಒಳಗೆ ಹೋಗಬೇಕಿತ್ತು. ಅಷ್ಟರಲ್ಲಿ ದೇವೀಂದ್ರಪ್ಪ ಒಂದು ದಿನ ಊಟಕ್ಕೆ ಕೂತಲ್ಲೇ ಎದೆ ಹಿಡಿದುಕೊಂಡು ಸತ್ತ. ಅದೇ ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹೇಳುವವರು ಕೂಟಸಾಕ್ಷಿ ನುಡಿದವನಿಗೆ, ಅಂದರೆ ಸುಳ್ಳು ಸಾಕ್ಷಿ ಹೇಳಿದವನಿಗೆ, ಯಾವ ನರಕ ಎಂದು ವಿವರವಾಗಿ ಹೇಳಿದರಂತೆ. ಮರುದಿನ ಬೆಳಿಗ್ಗೆ ಮುಕುಂದರಾಯರು ನಮ್ಮ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು.

"ರಾಘಣ್ಣ, ಜೀವದ ಭಯಕ್ಕ ಮಾಡಿದ್ದು ಗುನ್ಹೆ ಆಗಂಗಿಲ್ಲ ಅಂತ ಕಾಯ್ದೇದಾಗ ಅದ ಅಂತಾರ. ಖರೇ ಏನು?"

"ಯಾರಿಗೆ ಜೀವದ ಭಯ?"

"ನನಗ. ಸಾಕ್ಷಿಯ ಹಿಂದಿನ ದಿನ ದೇವೀಂದ್ರಪ್ಪ ನನ್ನ ಅವನ ವಾಡೇಕ್ಕ ಕರಕೊಂಡು ಹೋಗಿ ಕೂಡಿಸ್ಯಾನ. ತೊಡೀ ಮ್ಯಾಲ ಕುಡಗೋಲು ಇಟ್ಕೊಂಡು, ಬೆಂಕಿ ಇತ್ತು ಅಂದ್ರ ನಿನ್ನ ಹೆಣ ಬಾಳಿ ತ್ವಾಟದಾಗ ಅಂದಾನ. ಬೆಳತನಕ ಬಿಡಲಿಲ್ಲ. ಮುಂಜಾನಿ ಅವನ ಜೀಪಿನಾಗ ಕೂಡಿಸಿಕೊಂಡ ಕೋರ್ಟಿಗೆ ತಂದ. ಕುಡಗೋಲು ಜೀಪಿನಾಗ ಇತ್ತು. ನಾ ಏನ್ ಮಾಡ್ಬೇಕಿತ್ತು ಹೇಳು?"

ಇದು ಸುಳ್ಳಲ್ಲ ಎಂದು ನನಗೆ ಅನ್ನಿಸಿತು. ದೇವೀಂದ್ರಪ್ಪ ಅಂಥವನೇ. ತೊಂಬತ್ನಾಲ್ಕನೆಯ ಕಲಮನ್ನು ಅವರಿಗೆ ತಿಳಿಸಿ ಹೇಳಿದೆ. ಕೊಲೆಯಂಥ ಅಪರಾಧಗಳನ್ನು ಬಿಟ್ಟು, ಈಗಿಂದೀಗ ಪ್ರಾಣ ತೆಗೆಯುತ್ತಾರೆಂಬ ಬೆದರಿಕೆಗೆ ಬೇರೆ ದಾರಿ ಕಾಣದೆ ಮಾಡಿದ ಅಪರಾಧಕ್ಕೆ ಮಾಫಿ ಇದೆ. ಆದರೆ ಭಯ ಆ ಗಳಿಗೆಯ ಸಾವಿನದ್ದೇ ಆಗಿರಬೇಕು. ಮುಂದೆ ಯಾವಾಗಲೋ ಹೊಡೆದಾರು, ನೌಕರಿ ಹೋದೀತು ಎಂಬ ಭಯ ನಡೆಯುವುದಿಲ್ಲ. ನಾನು ಬಂಡಮ್ಮನ ವಕೀಲ, ನಿಮಗೆ ಸಲಹೆ ಕೊಡುವವನಲ್ಲ, ಬೇರೆ ವಕೀಲರನ್ನು ಕೇಳಿ, ಆದರೆ ನಿಜ ಹೇಳಿ ಎಂದೆ. ಅವರು ಬಂಡಮ್ಮ ಹೇಗಿದ್ದಾಳೆ ಎಂದು ಕೇಳಲಿಲ್ಲ. ತಮಗೆ ಮಾಫಿ ಸಿಗುತ್ತದೋ ಇಲ್ಲವೋ ಎಂಬುದನ್ನು ಮಾತ್ರ ಹೋಗುವವರೆಗೂ ತಿರುಗಿ ತಿರುಗಿ ಕೇಳಿದರು. ಸುಳ್ಳು ಹೇಳಿದ್ದು ದೇವೀಂದ್ರಪ್ಪನ ಒತ್ತಾಯಕ್ಕೆ, ಈಗ ನಿಜ ಹೇಳಲು ಹೊರಟದ್ದು ಯಮನ ಒತ್ತಾಯಕ್ಕೆ. ಇಂಥ ಮನುಷ್ಯನ ಬಾಯಿಂದ ಬರುವ ನಿಜಕ್ಕೂ ನಾನು ಕೈ ಮುಗಿದು ಕಾಯಬೇಕಾಯಿತಲ್ಲ ಎಂದು ಮೈಯೆಲ್ಲ ಉರಿಯಿತು.

ಅಪೀಲು ಕೋರ್ಟು ಅವರನ್ನು ಮತ್ತೆ ಕರೆಸಿ ಕೇಳಲು ಒಪ್ಪಿತು. ಮುಕುಂದರಾಯರು ಬೆಂಕಿ ಮೊದಲೇ ಇತ್ತೆಂದೂ, ಕೆಡವು ಎಂದು ಕೂಗಿದವರು ತಾವೇ ಎಂದೂ, ಹಿಂದೆ ಜೀವಭಯದಿಂದ ಸುಳ್ಳು ಹೇಳಿದ್ದೆಂದೂ ಹೇಳಿದರು. ಕುಡಗೋಲಿನ ಕಥೆ ಹೇಳುವಾಗ ಅವರ ದನಿ ನಿಜಕ್ಕೂ ನಡುಗಿತು. ಕೋರ್ಟಿನಲ್ಲಿದ್ದವರ ಮುಖದಲ್ಲಿ ಕನಿಕರ ಮೂಡಿದ್ದನ್ನು ನಾನೇ ನೋಡಿದೆ. ಅಲ್ಲಿಗೇ ಬಾಯಿ ಮುಚ್ಚಿದ್ದರೆ ಅವರೂ ಪಾರಾಗುತ್ತಿದ್ದರೋ ಏನೋ.

ಸರಕಾರಿ ವಕೀಲರು ಎದ್ದರು. ಆ ರಾತ್ರಿ ಮಾಸ್ತರರು ದೇವೀಂದ್ರಪ್ಪನ ಮನೆಯಲ್ಲಿ ಅತಿಥಿಯಂತೆ ಉಂಡು ಮಲಗಿದರು ಎಂದು ತೋರಿಸುವುದು ಅವರ ಹಂಚಿಕೆ.

"ಊಟಕ್ಕೆ ಹಾಕಿದ್ದರೇನು?"

ಮುಕುಂದರಾಯರ ಬೆನ್ನು ನೆಟ್ಟಗಾಯಿತು. "ಹಾಕಿದ್ರು ಸಾಹೇಬ್ರೆ. ಬಿಸಿ ರೊಟ್ಟಿ, ಪುಂಡಿಪಲ್ಯ. ನಾ ಮುಟ್ಟಲಿಲ್ಲ. ಅವತ್ತ ಏಕಾದಶಿ."

"ಅವರು ಬಲವಂತ ಮಾಡಲಿಲ್ಲವೆ?"

"ಮಾಡ್ಲಿಲ್ಲಂದ್ರ! ನನ್ನ ಮನಿ ಉಪ್ಪು ಉಂಡವ ನಾಳೆ ಮಾತು ತಪ್ಪಂಗಿಲ್ಲ, ಉಣ್ಣಾಕ ಬೇಕು ಅಂತ ಕುಡಗೋಲು ಎತ್ತ್ಯಾನ. ಕಡದ್ರ ಕಡೀ, ಏಕಾದಶಿ ಕೆಡಸಂಗಿಲ್ಲ ಅಂದೆ. ಮೂರ ಸಲ ಎತ್ತಿದ. ಮೂರ ಸಲಾನೂ ಇಲ್ಲ ಅಂದೆ."

"ಆಮೇಲೆ?"

"ಆಮ್ಯಾಲ ಏನು? ಬಾಳಿಹಣ್ಣು, ಹಾಲು ತರಿಸಿ ಕೊಟ್ಟ." ಕೋರ್ಟನ್ನೆಲ್ಲ ಒಮ್ಮೆ ನೋಡಿದರು. ಯಾರಾದರೂ ಶಹಬ್ಬಾಸ್ ಎನ್ನುತ್ತಾರೆ ಎಂದು ಕಾದಂತಿತ್ತು.

ಮೈಸೂರು ಕಡೆಯಿಂದ ಬಂದಿದ್ದ ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಕನ್ನಡಕ ತೆಗೆದರು.

"ಕಡಿದರೂ ಉಣ್ಣುವುದಿಲ್ಲ ಎಂದಿರಿ. ಅವರು ಕಡಿಯಲಿಲ್ಲ."

"ಇಲ್ಲ ಸರ. ಪಾಂಡುರಂಗನ ದಯಾ."

"ಕಡಿದರೂ ಸುಳ್ಳು ಹೇಳುವುದಿಲ್ಲ ಎಂದೂ ಹೇಳಿ ನೋಡಿದಿರೇನು?"

ಮುಕುಂದರಾಯರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಇದನ್ನು ಯಾವ ಕಾಲಕ್ಕೂ ಮರೆಯಲಾರೆ. ಅವರು ನಾಚಿಕೊಳ್ಳಲಿಲ್ಲ, ತಡವರಿಸಲೂ ಇಲ್ಲ. ದಡ್ಡ ಹುಡುಗನಿಗೆ ಮಗ್ಗಿ ತಿದ್ದುವಂತೆ ನ್ಯಾಯಾಧೀಶರಿಗೇ ತಿಳಿಸಿ ಹೇಳಿದರು.

"ಅದು ವ್ರತ ಅಲ್ಲೇನ್ರೀ ಸರ? ಇದು ಸಾಕ್ಷಿ."

ಹೇಡಿಯನ್ನು ನಾನು ಕ್ಷಮಿಸಬಲ್ಲೆ. ನನ್ನ ತೊಡೆಯ ಹತ್ತಿರ ಯಾರಾದರೂ ಕುಡಗೋಲು ತಂದರೆ ನಾನೂ ಏನೇನು ನುಡಿದೇನೋ, ಆಣೆ ಮಾಡಿ ಹೇಳಲಾರೆ. ಕಾಯ್ದೆ ಬರೆದವರೂ ಹೇಡಿಗಳನ್ನು ನೋಡಿಯೇ ಆ ಮಾಫಿ ಇಟ್ಟಿದ್ದಾರೆ. ಆದರೆ ಈ ಮನುಷ್ಯ ಹೇಡಿಯಲ್ಲ. ಎತ್ತಿದ ಕುಡಗೋಲಿನ ಮುಂದೆ ಇಲ್ಲ ಎನ್ನುವ ಎದೆ ಇವರಿಗಿತ್ತು. ಆ ಎದೆಯನ್ನೆಲ್ಲ ತಮ್ಮ ಪುಣ್ಯದ ಗಂಟಿಗೆ ಕಾವಲು ಹಾಕಿ, ಬಂಡಮ್ಮನನ್ನು ಜೈಲಿಗೆ ಬಿಟ್ಟರು. ಅವತ್ತಿನಿಂದ ನನಗೆ ಅವರ ಮುಖ ಕಂಡರೆ ಹೇಸಿಗೆ.

ಬಂಡಮ್ಮನ ಸಜಾ ರದ್ದಾಯಿತು. ಬೆಂಕಿ ಇತ್ತೆಂದು ಓಣಿಯ ಮುದುಕರು ಮೊದಲಿನಿಂದಲೂ ಹೇಳುತ್ತಾ ಬಂದದ್ದು ಈಗ ನಿಜವಾಯಿತು, ಮಾಸ್ತರರ ಬಾಯಿಂದಲೂ ಬಂತಲ್ಲ! ತೀರ್ಪು ತಿಳಿಸಿ ಹೇಳಿದಾಗ ಆಕೆ ಕೋರ್ಟಿನ ಮೆಟ್ಟಿಲ ಮೇಲೆ ಕೂತಳು.

"ಹಂಗಾರ ಚಂದಮ್ಮನ್ನ ಮತ್ತ ಸಾಲಿಗೆ ಹಾಕಬಹುದೇನ್ರೀ ವಕೀಲಸಾಹೇಬ್ರೆ?"

ಚಂದಮ್ಮನಿಗೆ ಆಗ ಗಂಡು ನೋಡುತ್ತಿದ್ದರು. ತಪ್ಪಿಹೋದ ಶಾಲೆಗೆ ಯಾವ ಕಲಮೂ ಇರಲಿಲ್ಲ. ನನಗೆ ಅಳು ಬಂತು, ಕರಿಕೋಟು ಹಾಕಿಕೊಂಡು ಅಳಬಾರದೆಂದು ಅತ್ತ ತಿರುಗಿ ನಿಂತೆ.

ಮುಕುಂದರಾಯರ ಮೇಲೆ ಸುಳ್ಳು ಸಾಕ್ಷಿಯ ಕೇಸು ಬಿತ್ತು. ನನ್ನನ್ನೇ ವಕೀಲನಾಗು ಎಂದು ಕೇಳಿದರು, ಆಗುವುದಿಲ್ಲ ಎಂದೆ. ಅದು ಅವರ ನಿವೃತ್ತಿಯ ಆಚೆಯವರೆಗೂ ಎಳೆಯಿತು. ಅವರೇ ಆಡಿದ ಏಕಾದಶಿಯ ಮಾತು ಅವರ ಜೀವಭಯದ ವಾದವನ್ನು ನುಂಗಿಹಾಕಿತು. ಕೊನೆಗೆ ವಯಸ್ಸು ನೋಡಿ, ಕೋರ್ಟು ಏಳುವವರೆಗೆ ಅಲ್ಲೇ ಕೂತಿರಬೇಕು ಎಂಬ ಶಿಕ್ಷೆ ಕೊಟ್ಟರು. ಮನೆಯಿಂದ ತಂದ ತಂಬಿಗೆಯ ನೀರು ಕುಡಿಯುತ್ತಾ ಸಂಜೆಯವರೆಗೆ ಬೆಂಚಿನ ಮೇಲೆ ಕೂತು, ಮನೆಗೆ ಬಂದು ತಲೆಯ ಮೇಲೆ ನೀರು ಹಾಕಿಕೊಂಡರು. ಬಂಡಮ್ಮ ಜೈಲಿನಲ್ಲಿ ಒಂದು ಮಳೆಗಾಲ ಕಳೆದಿದ್ದಳು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಕಾಲೋನಿಯ ಕೆಲವರು ಜೀಪು ಮಾಡಿಕೊಂಡು ಬೀದರದ ನರಸಿಂಹ ಝರಣಿಗೆ ಹೋಗಿದ್ದೆವು. ಅವರೂ ಬಂದಿದ್ದರು, ನಾನು ಹೆಂಡತಿಯ ಮಾತಿಗೆ ಹೋಗಿದ್ದೆ. ಅಂದು ಏಕಾದಶಿ. ಅವರು ಕಟ್ಟಿಕೊಂಡು ಬಂದಿದ್ದ ಬಾಳೆಹಣ್ಣನ್ನು ಝರಣಿಯ ಹತ್ತಿರ ಮಂಗ ಎತ್ತಿಕೊಂಡು ಹೋಗಿತ್ತು. ತಿರುಗಿ ಬರುವಾಗ ಕಮಲಾಪುರದಲ್ಲಿ ಜೀಪಿನ ಗಾಲಿ ಪಂಕ್ಚರ್ ಆಯಿತು. ಸಂಜೆಯಾಗುತ್ತಿತ್ತು. ರಸ್ತೆಯ ಬದಿ ಹೆಂಗಸರು ಬುಟ್ಟಿಗಳಲ್ಲಿ ಕೆಂಪು ಬಾಳೆಹಣ್ಣು ಇಟ್ಟುಕೊಂಡು ಕೂತಿದ್ದರು. ಮೊದಲ ಬುಟ್ಟಿ ಚಂದಮ್ಮನದು. ಆಕೆಯ ಹಿಂದೆ ಕಲ್ಲಿನ ಮೇಲೆ ಬಂಡಮ್ಮ ಕೂತಿದ್ದಳು. ಆಕೆಗೆ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ.

ಮುಕುಂದರಾಯರು ಹಸಿವಿನಿಂದ ಕಂಗಾಲಾಗಿದ್ದರು. ಕೈ ಚಾಚಿದರು.

"ಏ ಚಂದಮ್ಮ ಅಲ್ಲೇನು ನೀ? ನನ್ನ ಸಾಲಿ ಹುಡುಗಿ! ಒಂದ ಫಣಿ ಹಣ್ಣು ಕೊಡವ್ವ."

"ನಿಮ್ಮ ಸಾಲಿ ಹುಡುಗಿ ಎಲ್ಲೀರೀ ಸರ? ಹೆಸರ ಹೊಡದಿದ್ರಲ್ಲ" ಎಂದಳು ಚಂದಮ್ಮ. ಹಣ್ಣಿನ ಮೇಲಿನ ನೊಣ ಓಡಿಸುತ್ತಾ ತಣ್ಣಗೆ ಹೇಳಿದಳು. "ನಿಮಗ ಕೊಡಂಗಿಲ್ರೀ."

"ಯಾರು ಕೊಡಬ್ಯಾಡ ಅಂದಾರ? ನಿಮ್ಮವ್ವ ಅಂದಾಳೇನು?"

"ಯಾರೂ ಅಂದಿಲ್ಲ. ನಾನ ಕೊಡಂಗಿಲ್ಲ."

ಅವರು ಪಕ್ಕದ ಬುಟ್ಟಿಗೆ ಹೋದರು. ಆ ಹೆಂಗಸು ಬುಟ್ಟಿಯ ಮೇಲೆ ಸೆರಗು ಎಳೆದುಕೊಂಡಳು. ಅದರಾಚೆಯವಳೂ ಎಳೆದುಕೊಂಡಳು. ಎಲ್ಲರೂ ಆ ಓಣಿಯವರೇ. ಮುಕುಂದರಾಯರು ಸಾಲಿನ ಕೊನೆಯವರೆಗೂ ಹೋಗಿ ಬಂದು ನನ್ನ ಮುಂದೆ ನಿಂತರು.

"ರಾಘಣ್ಣ, ನೀನರ ಹೇಳು. ಮುಂಜಾನಿಂದ ಹೊಟ್ಟಿಗಿ ಏನಿಲ್ಲ. ಕಣ್ಣಿಗಿ ಕತ್ತಲ ಬರಾಕತ್ತದ."

ನಾನು ಚಂದಮ್ಮನ ಹತ್ತಿರ ಹೋಗಿ ಒಂದು ಹಣ್ಣು ಕೇಳಿದೆ. ಆಕೆ ಬುಟ್ಟಿಯಲ್ಲೆಲ್ಲ ಒಳ್ಳೆಯದನ್ನು ಹುಡುಕಿ ಕೊಟ್ಟಳು. ಮುಕುಂದರಾಯರು ಕೈ ಮುಂದೆ ಮಾಡಿದರು. ನಾನು ಅವರ ಎದುರಿಗೇ ಸಿಪ್ಪೆ ಸುಲಿದು ಪೂರ್ತಿ ತಿಂದೆ. ಸಣ್ಣತನ ಎಂದು ಯಾರಾದರೂ ಅಂದರೆ ಅನ್ನಲಿ, ಅಷ್ಟು ರುಚಿಯ ಹಣ್ಣನ್ನು ನಾನು ಮತ್ತೆ ತಿಂದಿಲ್ಲ. ಹಿಂದಿನಿಂದ ಬಂಡಮ್ಮ, "ಯಾರವ್ವ ಬಂದವರು?" ಎಂದು ಕೇಳಿದಳು. "ವಕೀಲಸಾಹೇಬ್ರು" ಎಂದಳು ಚಂದಮ್ಮ. ಇನ್ನೊಬ್ಬರ ಹೆಸರು ಹೇಳಲಿಲ್ಲ.

ಗಾಲಿ ಹಾಕಿದ ಮೇಲೆ ಕಲಬುರ್ಗಿಗೆ ಬಂದೆವು. ಮನೆಯ ಮುಂದೆ ಇಳಿದಾಗ ಸಾವಿತ್ರೀಬಾಯಿಯವರು ಬಾಗಿಲಿಗೆ ಬಂದು, ಮುಖ ಯಾಕೆ ಹೀಗೆ ಬಾಡಿದೆ, ಹಣ್ಣು ತಿನ್ನಲಿಲ್ಲವೆ ಎಂದು ಗಾಬರಿಯಾದರು. ಕಾಲೋನಿಯ ನಾಲ್ಕು ಜನ ಅಲ್ಲೇ ಇದ್ದರು. ನಾಇಲಾಜ ಎನ್ನಲಿಕ್ಕೆ ಆ ಮನುಷ್ಯನಿಗೆ ಆಯುಷ್ಯದಲ್ಲಿ ಒಂದೇ ಒಂದು ಸಲ ಹಕ್ಕಿತ್ತು, ಅದು ಅವತ್ತು. ಅವರು ಬೆನ್ನು ನೆಟ್ಟಗೆ ಮಾಡಿಕೊಂಡರು.

"ಹಣ್ಣು ಬೇಕಾದಷ್ಟು ಇದ್ದವು. ನಾನ ಮುಟ್ಟಲಿಲ್ಲ. ಇವತ್ತ ನಿರಾಹಾರ ಮಾಡಬೇಕಂತ ಮುಂಜಾನಿಂದನ ಸಂಕಲ್ಪ ಇತ್ತು."

ಮುಂದಿನ ಆಷಾಢ ಏಕಾದಶಿಗೆ ಕಾಲೋನಿಯವರು ಕೂಡಿ ಅವರಿಗೆ ಶಾಲು ಹೊದಿಸಿದರು.